ಎರಡು ಹನಿಗಾಗಿ ಕದನವಿರಾಮ

ಮಧುಗಿರಿ ತಾಲ್ಲೂಕಿನ ಮಿಡಿಗೇಶಿ ಹೋಬಳಿಯ ಹಳ್ಳಿಗಳಲ್ಲಿ ಪಲ್ಸ್ ಪೋಲಿಯೋ ಭಾನುವಾರವು ಯಾವ ಆಡಂಬರವೂ ಇಲ್ಲದೆ ಕಳೆದುಹೋಗುತ್ತದೆ. ಶಾಲೆಯ ಜಗಲಿಯ ಮೇಲೋ ಅಂಗನವಾಡಿಯ ಮುಂದೆಯೋ ಒಂದು ಮೇಜು. ಅದರ ಮೇಲೆ ಮಂಜುಗಡ್ಡೆಯ ನಡುವೆ ಲಸಿಕೆಯ ಸೀಸೆಗಳನ್ನು ಇರಿಸಿದ ಒಂದು ಪೆಟ್ಟಿಗೆ. ಕಂಕುಳಲ್ಲಿ ಕೂಸನ್ನೆತ್ತಿಕೊಂಡ ತಾಯಂದಿರು ಒಬ್ಬೊಬ್ಬರಾಗಿ ಬರುತ್ತಾರೆ. ಕೂಸಿನ ಬಾಯಿಗೆ ಎರಡು ಹನಿ ಬೀಳುತ್ತದೆ; ಎಡಗೈಯ ಕಿರುಬೆರಳಿಗೆ ಶಾಯಿಯ ಗುರುತು ಬೀಳುತ್ತದೆ. ಕೂಸು ಅಳು ನಿಲ್ಲಿಸುವ ಮೊದಲೇ ತಾಯಿಯು ಮನೆಯ ದಾರಿ ಹಿಡಿದಿರುತ್ತಾಳೆ. ಬಾರದೆ ಉಳಿದ ಮಕ್ಕಳನ್ನು ಹುಡುಕಿಕೊಂಡು ಮರುದಿನದಿಂದ ಆಶಾ ಕಾರ್ಯಕರ್ತೆಯರೂ ಅಂಗನವಾಡಿ ಕಾರ್ಯಕರ್ತೆಯರೂ ಮನೆಮನೆಗೆ ಹೋಗುತ್ತಾರೆ. ಹೊಲದ ಗುಡಿಸಲು, ಇಟ್ಟಿಗೆಯ ಗೂಡು, ಕುರಿಹಟ್ಟಿ ಎಲ್ಲವೂ ಅವರ ಪಟ್ಟಿಯಲ್ಲಿ ಸೇರಿರುತ್ತವೆ.

ಇಷ್ಟು ಸುಲಭವಾಗಿ ನಡೆದುಹೋಗುವ ಈ ಕಾರ್ಯವು ಹಲವು ಆಧಾರಗಳ ಮೇಲೆ ನಿಂತಿದೆ. ಲಸಿಕೆಯು ತಯಾರಾದ ಸ್ಥಳದಿಂದ ಹಳ್ಳಿಯ ಮೇಜಿನವರೆಗೂ ತಣ್ಣಗೇ ಇರಬೇಕು. ಹುಟ್ಟಿದ ಮಕ್ಕಳ ಲೆಕ್ಕ ಇರಬೇಕು. ಊರಿಗೆ ದಾರಿ ಇರಬೇಕು. ಪೆಟ್ಟಿಗೆಯನ್ನು ಹೊತ್ತ ಹೆಂಗಸು ಯಾರ ಭಯವೂ ಇಲ್ಲದೆ ಬೀದಿಯಲ್ಲಿ ನಡೆಯುವಂತಿರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಬಾಗಿಲು ತೆರೆದ ತಾಯಿಗೆ ಆಕೆಯ ಮೇಲೆ ನಂಬಿಕೆ ಇರಬೇಕು. ಶಾಂತಿಯ ಕಾಲದಲ್ಲಿ ಈ ಆಧಾರಗಳು ನೆಲದಡಿಯ ತಳಪಾಯದಂತೆ ಕಣ್ಣಿಗೆ ಬೀಳುವುದಿಲ್ಲ. ಯುದ್ಧವು ಬಂದೊಡನೆ ಇವೆಲ್ಲವೂ ಒಟ್ಟಿಗೆ ಕುಸಿಯುತ್ತವೆ. ಆಗ ಮಗುವಿಗೆ ಎರಡು ಹನಿ ದೊರೆಯಬೇಕಾದರೆ, ಯಾರಾದರೊಬ್ಬರು ಆ ಮಗುವಿನ ಪರವಾಗಿ ಕಾದಾಡುವ ಎರಡೂ ಪಕ್ಷಗಳ ಮುಂದೆ ನಿಂತು ಮಾತನಾಡಬೇಕಾಗುತ್ತದೆ. ನ್ಯಾಯಾಲಯದಲ್ಲಿ ಕಕ್ಷಿಗಾರನ ಪರವಾಗಿ ವಕೀಲನು ವಾದಿಸುವಂತೆ ಮಾತು ಬಾರದ ಕೂಸಿನ ಪರವಾಗಿ ನಡೆಸುವ ಈ ವಕಾಲತ್ತು ಎಲ್ಲಿ ಗೆದ್ದಿತು, ಎಲ್ಲಿ ಸೋತಿತು, ಏಕೆ ಸೋತಿತು ಎಂಬುದನ್ನು ಮಿಡಿಗೇಶಿಯಂತಹ ನೆಮ್ಮದಿಯ ಊರಿನವರೂ ತಿಳಿಯುವುದು ಅಗತ್ಯ.

ಪೋಲಿಯೋ ರೋಗದ ಕ್ರೌರ್ಯವನ್ನು ಇಂದಿನ ಮಕ್ಕಳು ಕಣ್ಣಾರೆ ಕಂಡವರಲ್ಲ. ಊರುಗೋಲನ್ನು ಹಿಡಿದು, ಸೊರಗಿದ ಕಾಲನ್ನು ಎಳೆದುಕೊಂಡು ಶಾಲೆಗೆ ಬರುತ್ತಿದ್ದ ಸಹಪಾಠಿಗಳು ಅವರ ಅಜ್ಜ ಅಜ್ಜಿಯರ ನೆನಪಿನಲ್ಲಿ ಇದ್ದಾರು. ಈ ರೋಗದ ವೈರಾಣುವು ಬಾಯಿಯ ಮೂಲಕ ದೇಹವನ್ನು ಹೊಕ್ಕು, ಕರುಳಿನಲ್ಲಿ ವೃದ್ಧಿಯಾಗಿ, ಮಲದೊಡನೆ ಹೊರಬೀಳುತ್ತದೆ. ಮಲಿನವಾದ ನೀರು, ಆಹಾರ, ಕೈಗಳ ಮೂಲಕ ಮತ್ತೊಂದು ಮಗುವನ್ನು ಸೇರುತ್ತದೆ. ಸೋಂಕು ತಗುಲಿದ ಬಹುಪಾಲು ಮಕ್ಕಳಲ್ಲಿ ರೋಗದ ಚಿಹ್ನೆಯೇ ತೋರುವುದಿಲ್ಲ. ಸುಮಾರು 200 ಸೋಂಕಿಗೆ ಒಂದರಂತೆ ಅದು ನರಮಂಡಲವನ್ನು ಮುಟ್ಟುತ್ತದೆ. ಸಾಮಾನ್ಯವಾಗಿ ಕಾಲುಗಳು ಶಾಶ್ವತವಾಗಿ ಶಕ್ತಿಗುಂದುತ್ತವೆ. ಹೀಗೆ ಪಾರ್ಶ್ವವಾಯುವಿಗೆ ತುತ್ತಾದವರಲ್ಲಿ ಶೇಕಡ 5ರಿಂದ 10 ಮಂದಿ ಉಸಿರಾಟದ ಸ್ನಾಯುಗಳು ಸೋತು ಸಾಯುತ್ತಾರೆ. ರೋಗವು ಬಂದ ಮೇಲೆ ಅದನ್ನು ಗುಣಪಡಿಸುವ ಮದ್ದಿಲ್ಲ. ಒಂದು ಮಗುವಿನ ಕಾಲು ಬಿದ್ದುದು ತಿಳಿಯುವ ವೇಳೆಗೆ ವೈರಾಣುವು ಸದ್ದಿಲ್ಲದೆ ನೂರಾರು ಮಕ್ಕಳ ಕರುಳನ್ನು ಹಾದು ಮುಂದಿನ ಊರಿಗೆ ಹೊರಟಿರುತ್ತದೆ. ಆದುದರಿಂದ ಬಾರದಂತೆ ತಡೆಯುವುದೊಂದೇ ಉಪಾಯ.

ಆ ಉಪಾಯವನ್ನು ಕಂಡುಹಿಡಿದವರಲ್ಲಿ ಇಬ್ಬರ ಹೆಸರು ಮುಖ್ಯವಾದುದು. ಜೋನಾಸ್ ಸಾಕ್ ಅವರ ಚುಚ್ಚುಮದ್ದು 1955ರಲ್ಲಿ ಬಳಕೆಗೆ ಬಂದಿತು. ಬಾಯಿಗೆ ಹಾಕುವ ಹನಿಯನ್ನು ಸಿದ್ಧಗೊಳಿಸಿದವರು ಆಲ್ಬರ್ಟ್ ಸೇಬಿನ್. ಸೇಬಿನ್ ಅಮೆರಿಕೆಯ ವಿಜ್ಞಾನಿ. ಆದರೆ ಅವರ ಹನಿಯು ದೊಡ್ಡ ಪ್ರಮಾಣದಲ್ಲಿ ಪರೀಕ್ಷೆಗೆ ಒಳಗಾದದ್ದು 1959ರಲ್ಲಿ ಸೋವಿಯತ್ ಒಕ್ಕೂಟದಲ್ಲಿ. ಆಗ ಈ ಎರಡು ರಾಷ್ಟ್ರಗಳು ಒಂದರ ಮೇಲೊಂದು ಅಣುಬಾಂಬನ್ನು ಗುರಿಯಿಟ್ಟು ಕುಳಿತಿದ್ದವು. ಅಂತಹ ಕಾಲದಲ್ಲಿಯೂ ರಷ್ಯದ ವಿಜ್ಞಾನಿ ಮಿಖಾಯಿಲ್ ಚುಮಕೋವ್ ಮತ್ತು ಸೇಬಿನ್ ಒಂದಾಗಿ ದುಡಿದರು. ಒಂದು ಕೋಟಿಗೂ ಮಿಕ್ಕಿದ ಜನರು ಅಲ್ಲಿ ಹನಿಯನ್ನು ಪಡೆದರು. ಇಂದು ಮಿಡಿಗೇಶಿಯ ಕೂಸಿನ ನಾಲಗೆಯ ಮೇಲೆ ಬೀಳುವ ಹನಿಯು ಹೀಗೆ ವೈರಿ ರಾಷ್ಟ್ರಗಳ ಇಬ್ಬರು ವಿಜ್ಞಾನಿಗಳ ಸಹಕಾರದಿಂದ ಜಗತ್ತಿಗೆ ದೊರೆತುದು.

ಕನ್ನಡ ನಾಡಿಗೂ ಯುದ್ಧದ ಬೆನ್ನಿಗೇ ಬಂದ ಲಸಿಕೆಯ ಅನುಭವವುಂಟು. 1799ರಲ್ಲಿ ಶ್ರೀರಂಗಪಟ್ಟಣವು ಪತನಗೊಂಡಿತು; ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟಾಭಿಷೇಕವಾಯಿತು. ಕೆಲವೇ ವರ್ಷಗಳಲ್ಲಿ ಎಡ್ವರ್ಡ್ ಜೆನ್ನರ್ ಕಂಡುಹಿಡಿದ ಸಿಡುಬಿನ ಲಸಿಕೆಯು ಮೈಸೂರನ್ನು ತಲುಪಿತು. ಅದನ್ನು ತಂದವರು ಯಾರು? ಮೊನ್ನೆ ಮೊನ್ನೆ ತೋಪುಗಳನ್ನೆಳೆದುಕೊಂಡು ಬಂದಿದ್ದ ಈಸ್ಟ್ ಇಂಡಿಯಾ ಕಂಪನಿಯವರು. ಪರಕೀಯರು ತಂದ ಮದ್ದನ್ನು, ಅದೂ ಹಸುವಿನ ಮೈಯ ಕೀವಿನಿಂದ ಬಂದುದನ್ನು, ತೋಳು ಕೊರೆದು ಹಚ್ಚಿಸಿಕೊಳ್ಳಲು ಜನರು ಹೇಗೆ ಒಪ್ಪಿಯಾರು? 1805ರ ಸುಮಾರಿಗೆ ಥಾಮಸ್ ಹಿಕಿ ಎಂಬ ಚಿತ್ರಕಾರನು ಮೈಸೂರು ಅರಮನೆಯ ಮೂವರು ಸ್ತ್ರೀಯರ ಚಿತ್ರವನ್ನು ಬರೆದನು. ಅವರಲ್ಲಿ ಒಬ್ಬಾಕೆ ಸೀರೆಯ ಸೆರಗನ್ನು ಸರಿಸಿ ತೋಳನ್ನು ತೋರಿಸುತ್ತಿದ್ದಾಳೆ. ಆಕೆ ಕಿರಿಯ ರಾಣಿ ದೇವಾಜಮ್ಮಣ್ಣಿಯೆಂದೂ, ತಾನು ಲಸಿಕೆ ಹಾಕಿಸಿಕೊಂಡುದನ್ನು ಜನರಿಗೆ ತಿಳಿಸುವುದೇ ಆ ಚಿತ್ರದ ಉದ್ದೇಶವೆಂದೂ ಇತಿಹಾಸಕಾರ ನೈಜೆಲ್ ಚಾನ್ಸಲರ್ ಅಭಿಪ್ರಾಯಪಟ್ಟಿದ್ದಾರೆ. ಕಂಪನಿಯ ಅಧಿಕಾರಿಗಳು ಸಾವಿರ ಮಾತಿನಲ್ಲಿ ಹೇಳಲಾಗದ್ದನ್ನು ರಾಣಿಯ ತೋಳು ಹೇಳಿತು. ಮದ್ದು ಎಷ್ಟು ಒಳ್ಳೆಯದಾದರೂ ಜನರು ಮೊದಲು ನೋಡುವುದು ಅದನ್ನು ನೀಡುವವರ ಮುಖವನ್ನು ಎಂಬ ತತ್ತ್ವವು ಅಂದಿಗೂ ಸತ್ಯವಾಗಿತ್ತು.

ಸ್ವತಂತ್ರ ಭಾರತವು ಪೋಲಿಯೋವನ್ನು ಗೆದ್ದುದೂ ಇದೇ ತತ್ತ್ವದಿಂದ. ಜಗತ್ತಿನಿಂದ ಪೋಲಿಯೋವನ್ನು ನಿರ್ಮೂಲಗೊಳಿಸಬೇಕೆಂದು ವಿಶ್ವ ಆರೋಗ್ಯ ಸಭೆಯು 1988ರಲ್ಲಿ ನಿರ್ಣಯಿಸಿದಾಗ 125ಕ್ಕೂ ಹೆಚ್ಚು ದೇಶಗಳಲ್ಲಿ ವರ್ಷಕ್ಕೆ ಸುಮಾರು 3,50,000 ಮಕ್ಕಳು ಈ ರೋಗಕ್ಕೆ ತುತ್ತಾಗುತ್ತಿದ್ದರು. ಭಾರತದಲ್ಲಿ ರಾಷ್ಟ್ರವ್ಯಾಪಿ ಪಲ್ಸ್ ಪೋಲಿಯೋ 1995ರಲ್ಲಿ ಆರಂಭವಾಯಿತು. ಆದರೂ 2002ರಲ್ಲಿ ದೇಶದಲ್ಲಿ 1,600 ಮಕ್ಕಳು ಪೀಡಿತರಾದರು. ಅವರಲ್ಲಿ ಬಹುಮಂದಿ ಉತ್ತರಪ್ರದೇಶದವರು. ಹನಿಯಿಂದ ಮುಂದೆ ಸಂತಾನವಾಗುವುದಿಲ್ಲವೆಂಬ ವದಂತಿಯು ಅಲ್ಲಿ ಬಾಗಿಲುಗಳನ್ನು ಮುಚ್ಚಿಸಿತ್ತು. ಸರ್ಕಾರದ ಆಜ್ಞೆಯಿಂದ ಆ ಬಾಗಿಲುಗಳು ತೆರೆಯಲಿಲ್ಲ. ಅದೇ ಬೀದಿಯ ಹೆಂಗಸರು, ಶಾಲೆಯ ಉಪಾಧ್ಯಾಯರು, ಮಸೀದಿಯ ಇಮಾಮರು, ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯದವರು ಮನೆಮನೆಗೆ ಹೋಗಿ ಕುಳಿತು ಮಾತನಾಡಿದ ಮೇಲೆ ತೆರೆದುವು. 2009ರಲ್ಲಿ 741 ಇದ್ದ ಪೀಡಿತರ ಸಂಖ್ಯೆ 2010ರಲ್ಲಿ 42ಕ್ಕೆ ಇಳಿಯಿತು. 2011ರ ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡುಬಂದ ಮಗುವೇ ಭಾರತದಲ್ಲಿ ಕಾಡು ಪೋಲಿಯೋ ವೈರಾಣುವಿಗೆ ತುತ್ತಾದ ಕೊನೆಯ ಮಗು. 2014ರ ಮಾರ್ಚ್ 27ರಂದು ಭಾರತವೂ ಸೇರಿದಂತೆ ಆಗ್ನೇಯ ಏಷ್ಯ ವಲಯವು ಪೋಲಿಯೋಮುಕ್ತವೆಂದು ಘೋಷಿತವಾಯಿತು.

ಭಾರತವು ಇದನ್ನು ಸಾಧಿಸಿದ್ದು ಬಹುಮಟ್ಟಿಗೆ ಶಾಂತಿಯ ನೆಲದ ಮೇಲೆ. ಮದ್ದುಗುಂಡಿನ ನಡುವೆ ಈ ಕಾರ್ಯದ ಸ್ವರೂಪವೇ ಬೇರೆ. ಮಧುಗಿರಿಯ ಪ್ರಸಿದ್ಧ ದೇವತೆಯ ಹೆಸರು ದಂಡಿನ ಮಾರಮ್ಮ. ದಂಡು ಎಂದರೆ ಸೈನ್ಯ. ಮಾರಿ ಎಂದರೆ ಹಿಂದಿನವರ ನುಡಿಯಲ್ಲಿ ಊರನ್ನೇ ಆವರಿಸುವ ಪಿಡುಗು. ಆ ಹೆಸರು ಬಂದ ಬಗೆ ಏನೇ ಇರಲಿ, ದಂಡು ಮತ್ತು ಮಾರಿ ಎಂಬ ಎರಡು ಮಾತುಗಳು ಒಂದೆಡೆ ಕೂಡಿರುವುದು ಅರ್ಥಪೂರ್ಣವಾಗಿ ತೋರುತ್ತದೆ. ಸೈನ್ಯವು ನಡೆದ ದಾರಿಯಲ್ಲಿ ರೋಗವೂ ನಡೆಯುತ್ತದೆಂಬುದು ಲೋಕದ ಹಳೆಯ ಅನುಭವ. ಬಾಂಬು ಬಿದ್ದಾಗ ಕುಡಿಯುವ ನೀರಿನ ಕೊಳವೆಯೂ ಚರಂಡಿಯೂ ಒಟ್ಟಿಗೆ ಒಡೆಯುತ್ತವೆ. ವಿದ್ಯುತ್ತು ನಿಂತು ಲಸಿಕೆಯ ಶೀತಲಪೆಟ್ಟಿಗೆ ಬಿಸಿಯಾಗುತ್ತದೆ. ವೈದ್ಯರು ಓಡಿಹೋಗುತ್ತಾರೆ. ಸಾವಿರಾರು ಸಂಸಾರಗಳು ಒಂದೇ ಡೇರೆಯ ಶಿಬಿರದಲ್ಲಿ ಬಂದು ಬೀಳುತ್ತವೆ. ಪೋಲಿಯೋ ವೈರಾಣುವಿಗೆ ಇದಕ್ಕಿಂತ ಹಸನಾದ ಹೊಲ ಬೇರೊಂದಿಲ್ಲ. 1999ರಿಂದ ಪೋಲಿಯೋ ಕಾಣದಿದ್ದ ಸಿರಿಯದಲ್ಲಿ ಅಂತರ್ಯುದ್ಧ ಆರಂಭವಾಗಿ ಎರಡು ವರ್ಷ ತುಂಬಿದ ಮೇಲೆ, 2013ರಲ್ಲಿ, ಆ ರೋಗವು ಮರಳಿ ಬಂದಿತು.

ಯುದ್ಧದ ನಡುವೆ ಮಗುವಿನ ವಕಾಲತ್ತು ಗೆದ್ದ ಪ್ರಸಂಗಗಳಲ್ಲಿ ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ ದೇಶದ್ದು ಪ್ರಸಿದ್ಧವಾದುದು. 1980ರಿಂದ ಅಲ್ಲಿ ಸರ್ಕಾರಕ್ಕೂ ಬಂಡುಕೋರರಿಗೂ ಘೋರ ಕಾಳಗ ನಡೆದಿತ್ತು. ಯುನಿಸೆಫ್ ಸಂಸ್ಥೆಯ ಮುಖ್ಯಸ್ಥರಾಗಿದ್ದ ಜೇಮ್ಸ್ ಗ್ರಾಂಟ್ ಅವರು ಅಧ್ಯಕ್ಷ ಹೋಸೆ ನೆಪೋಲಿಯನ್ ದುವಾರ್ತೆ ಅವರನ್ನು ಕಂಡು, ಮಕ್ಕಳಿಗೆ ಲಸಿಕೆ ಹಾಕಲು ಯುದ್ಧವನ್ನು ನಿಲ್ಲಿಸಬಾರದೇಕೆ ಎಂದು ಕೇಳಿದರು. ಬಂಡುಕೋರರೊಡನೆ ಮಾತನಾಡಲು ಚರ್ಚಿನ ಗುರುಗಳು ಮಧ್ಯಸ್ಥರಾದರು. 1985ರಲ್ಲಿ ಮೂರು ದಿನಗಳು, ಒಂದೊಂದರ ನಡುವೆ ಕೆಲವು ವಾರಗಳ ಅಂತರದಲ್ಲಿ, ಬಂದೂಕುಗಳು ಮೌನವಾದವು. ಸುಮಾರು 2,50,000 ಮಕ್ಕಳು ಪೋಲಿಯೋ, ದಡಾರ ಮೊದಲಾದ ರೋಗಗಳ ವಿರುದ್ಧ ಲಸಿಕೆ ಪಡೆದರು. 1992ರಲ್ಲಿ ಯುದ್ಧವು ಮುಗಿಯುವವರೆಗೆ ವರ್ಷ ವರ್ಷವೂ ಇಂತಹ ದಿನಗಳನ್ನು ಪಾಲಿಸಲಾಯಿತು. ಇವುಗಳಿಗೆ ‘ಶಾಂತಿಯ ದಿನಗಳು’ ಎಂಬ ಅರ್ಥದ ಹೆಸರು ಬಂದಿತು. ಭಾರತದ ನೆರೆಯ ಶ್ರೀಲಂಕೆಯಲ್ಲಿಯೂ 1990ರ ದಶಕದಲ್ಲಿ, ಸೈನ್ಯಕ್ಕೂ ತಮಿಳು ಹೋರಾಟಗಾರರಿಗೂ ಯುದ್ಧ ನಡೆಯುತ್ತಿದ್ದಾಗಲೇ, ಲಸಿಕೆಗಾಗಿ ಇಂತಹ ದಿನಗಳನ್ನು ಗೊತ್ತುಪಡಿಸಲಾಗಿತ್ತು. ಆ ದ್ವೀಪದಲ್ಲಿ 1993ರ ಬಳಿಕ ಪೋಲಿಯೋ ಕಾಣಿಸಿಕೊಂಡಿಲ್ಲ.

ತೀರ ಈಚಿನ ನಿದರ್ಶನ ಗಾಜಾ ಪಟ್ಟಿಯದು. 2024ರ ಜುಲೈಯಲ್ಲಿ ಅಲ್ಲಿಯ ಚರಂಡಿ ನೀರಿನಲ್ಲಿ ಪೋಲಿಯೋ ವೈರಾಣು ಪತ್ತೆಯಾಯಿತು. ಹತ್ತು ತಿಂಗಳ ಮಗುವೊಂದರ ಕಾಲು ಪೋಲಿಯೋದಿಂದ ಶಕ್ತಿಗುಂದಿರುವುದು ಆಗಸ್ಟಿನಲ್ಲಿ ದೃಢಪಟ್ಟಿತು; 25 ವರ್ಷಗಳಲ್ಲಿ ಅಲ್ಲಿ ಅದೇ ಮೊದಲ ಪ್ರಕರಣ. ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮೊದಲಾದವು ಎರಡೂ ಪಕ್ಷಗಳೊಡನೆ ಮಾತುಕತೆ ನಡೆಸಿದ ಫಲವಾಗಿ, ಸೆಪ್ಟೆಂಬರ್ 1ರಿಂದ ಒಂದೊಂದು ಭಾಗದಲ್ಲಿ ದಿನದ ಕೆಲವು ಗಂಟೆಗಳ ಕಾಲ ಕದನವು ನಿಂತಿತು. ಹತ್ತು ವರ್ಷದೊಳಗಿನ ಸುಮಾರು 5,60,000 ಮಕ್ಕಳಿಗೆ ಮೊದಲ ಸುತ್ತಿನ ಹನಿ ದೊರೆಯಿತು. ಅಕ್ಟೋಬರಿನ ಎರಡನೆಯ ಸುತ್ತಿನಲ್ಲಿ ಉತ್ತರ ಭಾಗದ ಬಾಂಬಿನ ದಾಳಿಯಿಂದ ಕಾರ್ಯವನ್ನು ಕೆಲವು ದಿನ ಮುಂದೂಡಬೇಕಾಯಿತು.

ಇಲ್ಲಿ ಒಂದು ಪ್ರಶ್ನೆಯು ಎದುರಾಗುತ್ತದೆ. ಮಗುವಿನ ಬಾಯಿಗೆ ಹನಿ ಹಾಕಲು ಬೆಳಗ್ಗೆ ನಿಲ್ಲಬಲ್ಲ ಯುದ್ಧವು, ಅದೇ ಮಗುವಿನ ಪ್ರಾಣವನ್ನು ಉಳಿಸಲು ಸಂಜೆ ಏಕೆ ನಿಲ್ಲಬಾರದು? ಪೋಲಿಯೋದಿಂದ ಕಾಪಾಡಿದ ಕಾಲನ್ನು ನಾಳೆ ಗುಂಡಿಗೆ ಒಪ್ಪಿಸುವುದಾದರೆ ಈ ಕರುಣೆಗೆ ಏನು ಬೆಲೆ? ಪ್ರಶ್ನೆಯು ನ್ಯಾಯವಾದುದೇ, ಅದನ್ನು ಮರೆಸುವ ಸಮಾಧಾನ ಯಾವುದೂ ಇಲ್ಲ. ಲಸಿಕೆಯ ಕದನವಿರಾಮವನ್ನು ಶಾಂತಿಯೆಂದು ಕರೆದು ತೃಪ್ತಿಪಡುವುದು ಆತ್ಮವಂಚನೆ. ಆದರೆ ಶಾಂತಿಯು ಬರುವವರೆಗೆ ವೈರಾಣುವು ಕಾಯುವುದಿಲ್ಲ. ಯುದ್ಧವು ಎಂದಾದರೊಂದು ದಿನ ಮುಗಿಯುತ್ತದೆ. ಅಂದು ಆ ಮಗುವು ಎದ್ದು ನಡೆಯುವಂತಿರಬೇಕು. ಮೇಲಾಗಿ, ಒಂದು ದಿನದ ಮೌನವನ್ನು ಕೇಳಿ ಪಡೆದವನು ಎರಡನೆಯ ದಿನವನ್ನು ಕೇಳುವ ಧೈರ್ಯವನ್ನು ಪಡೆಯುತ್ತಾನೆ. ಬಂದೂಕು ಹಿಡಿದವರೊಡನೆ ಮಾತನಾಡಿದರೆ ಅವರಿಗೆ ಮನ್ನಣೆ ಕೊಟ್ಟಂತಾಗುವುದಿಲ್ಲವೇ ಎಂದು ಕೆಲವರು ಆಕ್ಷೇಪಿಸುತ್ತಾರೆ. ಮಗುವು ಇರುವ ಊರು ಯಾರ ಹಿಡಿತದಲ್ಲಿದೆಯೋ ಅವರ ಬಾಗಿಲನ್ನು ತಟ್ಟದೆ ಆ ಮಗುವನ್ನು ತಲುಪುವ ದಾರಿ ಬೇರೆ ಇಲ್ಲ. ಎರಡು ಪಕ್ಷಗಳಲ್ಲಿ ಒಂದನ್ನು ಮಾತ್ರ ಕಾಣುವವನು ಮಕ್ಕಳಲ್ಲಿ ಅರ್ಧದಷ್ಟು ಜನರನ್ನು ಮಾತ್ರ ಕಾಣುತ್ತಾನೆ.

ಇಂತಹ ವಕಾಲತ್ತು ನಡೆಸುವವರು ದೊಡ್ಡ ಸಂಸ್ಥೆಗಳ ಮುಖ್ಯಸ್ಥರು ಮಾತ್ರವಲ್ಲ. ರೋಟರಿ ಸಂಸ್ಥೆಯು 1985ರಲ್ಲಿ ಪೋಲಿಯೋ ವಿರುದ್ಧ ತನ್ನ ಜಾಗತಿಕ ಕಾರ್ಯವನ್ನು ಆರಂಭಿಸಿದಾಗ ಅದರ ಬೆನ್ನಿಗಿದ್ದವರು ಸಣ್ಣ ಸಣ್ಣ ಪಟ್ಟಣಗಳ ವರ್ತಕರು, ವಕೀಲರು, ಉಪಾಧ್ಯಾಯರು. ಕೊನೆಯ ಮನೆಯ ಬಾಗಿಲನ್ನು ತಟ್ಟುವವರಂತೂ ಎಲ್ಲೆಡೆಯೂ ಬಡ ಹೆಂಗಸರೇ. ಅವರು ತೆತ್ತ ಬೆಲೆಯು ಅಪಾರವಾದುದು. 2012ರ ಡಿಸೆಂಬರಿನಲ್ಲಿ ಪಾಕಿಸ್ತಾನದಲ್ಲಿ ಕೆಲವೇ ದಿನಗಳೊಳಗೆ ಒಂಬತ್ತು ಮಂದಿ ಪೋಲಿಯೋ ಕಾರ್ಯಕರ್ತರು ಗುಂಡಿಗೆ ಬಲಿಯಾದರು; ಅವರಲ್ಲಿ ಹೆಚ್ಚಿನವರು ಹೆಂಗಸರು. 2013ರ ಫೆಬ್ರವರಿಯಲ್ಲಿ ನೈಜೀರಿಯದ ಕಾನೊ ನಗರದಲ್ಲಿ ಲಸಿಕೆ ಹಾಕುವ ಕಾರ್ಯಕರ್ತೆಯರ ಕೊಲೆಯಾಯಿತು. 2022ರ ಫೆಬ್ರವರಿ 24ರಂದು ಆಫ್ಘಾನಿಸ್ತಾನದ ಉತ್ತರ ಭಾಗದಲ್ಲಿ ಒಂದೇ ದಿನ ಎಂಟು ಮಂದಿಯನ್ನು ಕೊಲ್ಲಲಾಯಿತು. ಇವರ ಕೈಯಲ್ಲಿ ಇದ್ದುದು ತಣ್ಣನೆಯ ಪೆಟ್ಟಿಗೆಯೊಂದು ಮಾತ್ರ. ಮಿಡಿಗೇಶಿಯ ಬೀದಿಯಲ್ಲಿ ಅದೇ ಬಗೆಯ ಪೆಟ್ಟಿಗೆಯನ್ನು ಹೊತ್ತು ಹೋಗುವ ಕಾರ್ಯಕರ್ತೆಗೆ ಬೀದಿಯ ನಾಯಿಯ ಭಯವಿದ್ದೀತು, ಬಿಸಿಲಿನ ಬಳಲಿಕೆಯಿದ್ದೀತು; ಸಾವಿನ ಭಯವಿಲ್ಲ.

ಕೊಂದವರ ಪಾಪವು ಕೊಂದವರದೇ. ಆದರೆ ಆ ದ್ವೇಷಕ್ಕೆ ಎಣ್ಣೆಯೆರೆದವರೂ ಉಂಟು. 2011ರಲ್ಲಿ ಅಮೆರಿಕೆಯ ಗೂಢಚಾರ ಸಂಸ್ಥೆಯು ಪಾಕಿಸ್ತಾನದ ಅಬೊಟಾಬಾದಿನಲ್ಲಿ ಒಸಾಮಾ ಬಿನ್ ಲಾಡೆನ್ ಅಡಗಿರುವನೇ ಎಂಬುದನ್ನು ಅರಿಯಲು, ಕಾಮಾಲೆ ರೋಗದ ಲಸಿಕೆಯ ನೆಪದಲ್ಲಿ ಒಬ್ಬ ವೈದ್ಯನನ್ನು ಮನೆಗಳಿಗೆ ಕಳುಹಿಸಿತ್ತು. ಸಂಗತಿಯು ಬಯಲಾದೊಡನೆ, ಲಸಿಕೆ ಹಾಕಲು ಬಂದ ಪ್ರತಿಯೊಬ್ಬರ ಮೇಲೂ ಗೂಢಚಾರರೆಂಬ ಸಂಶಯ ಬಿದ್ದಿತು. 2012ರಲ್ಲಿ ವಜೀರಿಸ್ತಾನದ ಉಗ್ರಗಾಮಿ ಮುಖಂಡರು ತಮ್ಮ ಪ್ರದೇಶದಲ್ಲಿ ಪೋಲಿಯೋ ಲಸಿಕೆಯನ್ನೇ ನಿಷೇಧಿಸಿದರು. 2014ರಲ್ಲಿ ಪಾಕಿಸ್ತಾನದಲ್ಲಿ 306 ಮಕ್ಕಳು ಪೋಲಿಯೋಗೆ ತುತ್ತಾದರು. ಅದೇ ವರ್ಷ, ಲಸಿಕೆಯ ಕಾರ್ಯವನ್ನು ಗೂಢಚಾರಿಕೆಗೆ ಇನ್ನು ಬಳಸುವುದಿಲ್ಲವೆಂದು ಅಮೆರಿಕೆಯ ಸರ್ಕಾರವು ಮಾತು ಕೊಟ್ಟಿತು. ಒಬ್ಬ ವೈರಿಯನ್ನು ಹಿಡಿಯಲು ಸಾವಿರಾರು ತಾಯಂದಿರ ನಂಬಿಕೆಯನ್ನು ಬಲೆಯಾಗಿ ಬಳಸುವುದು ಯಾವ ಧರ್ಮಕ್ಕೂ ಒಪ್ಪುವ ಕಾರ್ಯವಲ್ಲ. ಭಿಕ್ಷುಕನ ವೇಷದಲ್ಲಿ ಬಂದ ರಾವಣನು ಸೀತೆಗೆ ಮಾತ್ರ ದ್ರೋಹ ಬಗೆಯಲಿಲ್ಲ. ಅಂದಿನಿಂದ ಮನೆಯ ಮುಂದೆ ನಿಂತ ಪ್ರತಿಯೊಬ್ಬ ಭಿಕ್ಷುಕನಿಗೂ ದ್ರೋಹ ಬಗೆದನು.

ನಂಬಿಕೆಯು ಕೆಟ್ಟಾಗ ಅದನ್ನು ಮತ್ತೆ ಕಟ್ಟಲು ಬಹಳ ಕಾಲ ಹಿಡಿಯುತ್ತದೆ. 2003ರಲ್ಲಿ ನೈಜೀರಿಯದ ಉತ್ತರ ಭಾಗದಲ್ಲಿ ಲಸಿಕೆಯ ಬಗೆಗೆ ಸಂಶಯ ಹುಟ್ಟಿ ಹಲವು ರಾಜ್ಯಗಳು ಹನಿಯನ್ನು ನಿಲ್ಲಿಸಿದವು. ಹಿಂದೆ ಅಲ್ಲಿ ನಡೆದ ಔಷಧದ ಪ್ರಯೋಗವೊಂದರ ಕಹಿಯು ಜನರ ಮನಸ್ಸಿನಿಂದ ಅಳಿದಿರಲಿಲ್ಲ. ಜನರನ್ನು ಹಳಿಯುವುದರಿಂದ ಫಲವಾಗಲಿಲ್ಲ. ಅವರ ಧಾರ್ಮಿಕ ಮುಖಂಡರನ್ನೂ ವಿಜ್ಞಾನಿಗಳನ್ನೂ ಕೂಡಿಸಿ, ಅವರಿಗೆ ಒಪ್ಪಿಗೆಯಾದ ಇಂಡೋನೇಷ್ಯದಲ್ಲಿ ತಯಾರಾದ ಲಸಿಕೆಯನ್ನು ತರಿಸಿದ ಮೇಲೆ 2004ರಲ್ಲಿ ಕಾರ್ಯವು ಮುಂದುವರಿಯಿತು. ಅಷ್ಟರಲ್ಲಿ ವೈರಾಣುವು ನೈಜೀರಿಯದಿಂದ ಹೊರಟು ಅನೇಕ ದೇಶಗಳನ್ನು ಹಾದು, 2005ರಲ್ಲಿ ಅದೇ ಇಂಡೋನೇಷ್ಯವನ್ನು ತಲುಪಿತ್ತು. ಆದರೂ ನೈಜೀರಿಯದ ಜನರು ಸೋಲಲಿಲ್ಲ. ಬೊಕೊ ಹರಾಮ್ ಉಗ್ರರ ಹಾವಳಿಯಿದ್ದ ಬೋರ್ನೋ ಪ್ರಾಂತದಲ್ಲಿ 2016ರಲ್ಲಿ ರೋಗವು ಮತ್ತೆ ತಲೆಯೆತ್ತಿದಾಗಲೂ ಅದನ್ನು ಹುಡುಕಿ ಅಡಗಿಸಿದರು. 2020ರ ಆಗಸ್ಟ್ 25ರಂದು ಇಡೀ ಆಫ್ರಿಕ ವಲಯವು ಕಾಡು ಪೋಲಿಯೋ ವೈರಾಣುವಿನಿಂದ ಮುಕ್ತವೆಂದು ಘೋಷಿತವಾಯಿತು.

ಮಗುವಿನ ಪರವಾಗಿ ವಾದಿಸುವವರು ಅಪ್ರಿಯವಾದ ಸತ್ಯವನ್ನೂ ಮುಚ್ಚಿಡಬಾರದು. ಹನಿಯ ಲಸಿಕೆಯಲ್ಲಿರುವುದು ಶಕ್ತಿಗುಂದಿಸಿದ ವೈರಾಣು. ಬಹುಮಂದಿ ಮಕ್ಕಳು ಲಸಿಕೆ ಪಡೆಯದೆ ಉಳಿದ ಕಡೆಗಳಲ್ಲಿ ಅದು ಮಗುವಿನಿಂದ ಮಗುವಿಗೆ ದೀರ್ಘಕಾಲ ಸಾಗಿ, ಮಾರ್ಪಟ್ಟು, ಮತ್ತೆ ರೋಗವನ್ನು ತರುವ ಶಕ್ತಿಯನ್ನು ಪಡೆಯಬಹುದು. ಗಾಜಾದಲ್ಲಿ ಕಂಡುದು ಈ ಬಗೆಯ ವೈರಾಣುವೇ. ಇದನ್ನು ಬಚ್ಚಿಟ್ಟರೆ ವದಂತಿಗೆ ಬಾಗಿಲು ತೆರೆದಂತೆ; ಬಿಚ್ಚಿ ಹೇಳಿದರೆ ಪರಿಹಾರವೂ ತಾನಾಗಿ ತಿಳಿಯುತ್ತದೆ. ಎಲ್ಲ ಮಕ್ಕಳೂ ಲಸಿಕೆ ಪಡೆದ ಊರಿನಲ್ಲಿ ಅಂತಹ ವೈರಾಣುವಿಗೆ ನೆಲೆಯಿಲ್ಲ. ಹೀಗೆ ಮಾರ್ಪಡುವ ಸಂಭವ ಕಡಿಮೆಯಿರುವ ಹೊಸ ಹನಿಯು 2021ರಿಂದ ಬಳಕೆಯಲ್ಲಿದೆ. ಭಾರತವು 2015ರಿಂದ ಹನಿಯೊಡನೆ ಚುಚ್ಚುಮದ್ದನ್ನೂ ನೀಡುತ್ತಿದೆ. ಇನ್ನೊಂದು ಆಕ್ಷೇಪವೂ ಉಂಟು. ಕುಡಿಯಲು ನೀರಿಲ್ಲದ, ಉಣ್ಣಲು ಅನ್ನವಿಲ್ಲದ ಶಿಬಿರಕ್ಕೆ ವರ್ಷದಲ್ಲಿ ಹಲವು ಸಲ ಹನಿಯನ್ನು ಮಾತ್ರ ಹೊತ್ತು ತಂದರೆ ತಾಯಂದಿರು ಸಂಶಯಪಡದೆ ಇರುತ್ತಾರೆಯೇ? ಈ ಮಾತಿನಲ್ಲಿ ಹುರುಳಿದೆ. ಉತ್ತರಪ್ರದೇಶ ಮತ್ತು ಬಿಹಾರದ 107 ಬ್ಲಾಕುಗಳಲ್ಲಿ ಭಾರತವು ಹನಿಯ ಜೊತೆಗೆ ಶುದ್ಧ ನೀರು, ನೈರ್ಮಲ್ಯ, ಭೇದಿಯ ಚಿಕಿತ್ಸೆ ಇವುಗಳಿಗೂ ಗಮನ ಕೊಟ್ಟಿತು. ತಾಯಿಯ ಅಗತ್ಯವನ್ನು ಕೇಳಿ ತಿಳಿಯದೆ ಮಗುವಿನ ಪರವಾಗಿ ಮಾತನಾಡಲು ಯಾರಿಗೂ ಅಧಿಕಾರವಿಲ್ಲ.

ಇಷ್ಟಾದರೂ, ದೂರದ ಗಾಜಾ ಎಲ್ಲಿ, ಮಿಡಿಗೇಶಿ ಎಲ್ಲಿ ಎಂದು ಕೇಳುವವರು ಇದ್ದಾರು. ಸಂಘರ್ಷವೆಂಬುದು ಈ ಸೀಮೆಗೆ ತೀರ ಅಪರಿಚಿತವೇನೂ ಅಲ್ಲ. 18ನೆಯ ಶತಮಾನದಲ್ಲಿ ಮೈಸೂರಿನ ಮತ್ತು ಮರಾಠರ ಸೈನ್ಯಗಳು ಇಲ್ಲಿಯ ಬೆಟ್ಟದ ಕೋಟೆಗಳಿಗಾಗಿ ಕಾದಾಡಿದವು. 2005ರ ಫೆಬ್ರವರಿಯಲ್ಲಿ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ನಕ್ಸಲೀಯರು ಪೊಲೀಸರ ಶಿಬಿರದ ಮೇಲೆ ದಾಳಿ ಮಾಡಿ ಪ್ರಾಣಹಾನಿ ಉಂಟುಮಾಡಿದರು. ಮಿಡಿಗೇಶಿಯ ಬೆಟ್ಟದ ಮೇಲೆ ಇಂದಿಗೂ ಕೋಟೆಯ ಗೋಡೆಗಳು ನಿಂತಿವೆ. ಹೊರಗಿನವರನ್ನು ಹೊರಗೆಯೇ ತಡೆದು ಒಳಗಿನವರನ್ನು ಕಾಪಾಡುವುದು ಕೋಟೆಯ ಧರ್ಮ. ಕುದುರೆ, ಕಾಲಾಳುಗಳನ್ನು ತಡೆಯಲು ಅದು ಸಾಕಾಗಿತ್ತು. ಕಣ್ಣಿಗೆ ಕಾಣದ ವೈರಾಣುವನ್ನು ತಡೆಯುವ ಕೋಟೆಯನ್ನು ಯಾವ ಅರಸನೂ ಕಟ್ಟಲಾರ. 2010ರಲ್ಲಿ ತಜಿಕಿಸ್ತಾನದಲ್ಲಿ 400ಕ್ಕೂ ಹೆಚ್ಚು ಮಂದಿಯನ್ನು ಪೀಡಿಸಿದ ಪೋಲಿಯೋ ವೈರಾಣುವಿನ ಮೂಲವನ್ನು ಹುಡುಕಿದಾಗ, ಅದು ಹೋದದ್ದು ಉತ್ತರ ಭಾರತದಿಂದ ಎಂದು ತಿಳಿಯಿತು. ಇಲ್ಲಿಯ ರೋಗವು ಅಲ್ಲಿಯ ಮಕ್ಕಳನ್ನು ಕುಂಟಾಗಿಸಿತು. ಅಲ್ಲಿಯ ರೋಗವು ಇಲ್ಲಿಗೆ ಬಾರದೆಂದು ಹೇಳುವವರು ಯಾರು? 2022ರಲ್ಲಿ ಲಂಡನ್ ಮತ್ತು ನ್ಯೂಯಾರ್ಕ್ ನಗರಗಳ ಚರಂಡಿ ನೀರಿನಲ್ಲಿಯೂ ಪೋಲಿಯೋ ವೈರಾಣು ದೊರೆಯಿತು. ಪೋಲಿಯೋ ಇಲ್ಲದ ಭಾರತದಲ್ಲಿ ಇಂದಿಗೂ ಪಲ್ಸ್ ಪೋಲಿಯೋ ಭಾನುವಾರವನ್ನು ಬಿಡದೆ ನಡೆಸುತ್ತಿರುವುದಕ್ಕೆ ಇದೇ ಕಾರಣ.

ಜಗತ್ತು ಗುರಿಯ ಸಮೀಪಕ್ಕೆ ಬಂದಿದೆ. ಮೂರು ಬಗೆಯ ಕಾಡು ಪೋಲಿಯೋ ವೈರಾಣುಗಳಲ್ಲಿ ಎರಡನೆಯದು 2015ರಲ್ಲಿಯೂ ಮೂರನೆಯದು 2019ರಲ್ಲಿಯೂ ನಿರ್ಮೂಲವಾದುವೆಂದು ಘೋಷಿಸಲಾಯಿತು. ಉಳಿದುದು ಮೊದಲನೆಯ ಬಗೆ. ಅದು ಎಂದೂ ನಿಲ್ಲದೆ ಉಳಿದಿರುವುದು ಪಾಕಿಸ್ತಾನ, ಆಫ್ಘಾನಿಸ್ತಾನಗಳೆಂಬ ಎರಡು ದೇಶಗಳಲ್ಲಿ. 2021ರಲ್ಲಿ ಜಗತ್ತಿನಲ್ಲೆಲ್ಲ ಆರು ಮಕ್ಕಳು ಮಾತ್ರ ಅದಕ್ಕೆ ತುತ್ತಾಗಿದ್ದರು. ಇನ್ನೇನು ಮುಗಿಯಿತು ಎನ್ನುವಷ್ಟರಲ್ಲಿ, 2024ರಲ್ಲಿ ಪಾಕಿಸ್ತಾನದಲ್ಲಿ 74, ಆಫ್ಘಾನಿಸ್ತಾನದಲ್ಲಿ 25, ಒಟ್ಟು 99 ಮಕ್ಕಳು ಪೀಡಿತರಾದರು. ತೇರು ನೆಲೆ ಸೇರುವ ಹೊತ್ತಿನಲ್ಲಿ ಹಗ್ಗವನ್ನು ಕೈಬಿಟ್ಟರೆ ಎಳೆದ ಶ್ರಮವೆಲ್ಲ ವ್ಯರ್ಥವಾಗುವಂತೆ, ಕೊನೆಯ ಕೆಲವು ಊರುಗಳನ್ನು ಮುಟ್ಟದಿದ್ದರೆ ಹಿಂದಿನ ಕೋಟ್ಯಂತರ ಹನಿಗಳೂ ವ್ಯರ್ಥವಾಗುವ ಅಪಾಯವಿದೆ. ಆ ಕೊನೆಯ ಊರುಗಳು ಇರುವುದು ಬಹುಪಾಲು ಬಂದೂಕಿನ ನೆರಳಿನಲ್ಲಿ.

ಆದುದರಿಂದ ಯುದ್ಧದ ನಾಡಿನ ಮಗುವಿಗೆ ಹನಿಯನ್ನು ಕೊಡಿಸುವುದು ದಾನವೆಂದು ಭಾವಿಸುವುದು ಸರಿಯಲ್ಲ. ಅದು ಆ ಮಗುವಿನ ಹಕ್ಕು. ಆ ಹಕ್ಕನ್ನು ಕೇಳುವವರಿಗೆ ಎರಡು ನಿಯಮಗಳು ಅವಶ್ಯವೆಂದು ಇಷ್ಟು ವರ್ಷಗಳ ಅನುಭವವು ತಿಳಿಸುತ್ತದೆ. ಒಂದು, ಕಾದಾಡುವ ಎಲ್ಲ ಪಕ್ಷಗಳ ಮುಂದೆಯೂ ಒಂದೇ ಮಾತನ್ನು ಆಡಬೇಕು. ಎರಡು, ಹನಿಯನ್ನು ಹಿಡಿದ ಕೈಯಲ್ಲಿ ಹನಿಯಲ್ಲದೆ ಬೇರೇನೂ ಇರಕೂಡದು. ಗೂಢಚಾರಿಕೆ ಇರಕೂಡದು, ಮತಪ್ರಚಾರ ಇರಕೂಡದು, ಆಳುವವರ ಕೀರ್ತಿಯ ಹಂಬಲವೂ ಇರಕೂಡದು. ಸುರಕ್ಷಿತವಾದ ನಾಡಿನಲ್ಲಿ ಬೆಳೆಯುವ ವಿದ್ಯಾರ್ಥಿಗೂ ಇದರಲ್ಲಿ ಪಾಲಿದೆ. ಲಸಿಕೆಯ ಬಗೆಗೆ ಕಿವಿಗೆ ಬಿದ್ದ ಮಾತನ್ನು ವಿಚಾರಿಸದೆ ಮತ್ತೊಬ್ಬರ ಕಿವಿಗೆ ದಾಟಿಸದಿರುವುದು, ತನ್ನ ಮನೆಯ ಮತ್ತು ನೆರೆಮನೆಯ ಕೂಸಿಗೆ ತಪ್ಪದೆ ಹನಿ ಹಾಕಿಸುವುದು, ಬಾಗಿಲಿಗೆ ಬಂದ ಕಾರ್ಯಕರ್ತೆಗೆ ಕುಳಿತುಕೊಳ್ಳಲು ಹೇಳಿ ಒಂದು ಲೋಟ ನೀರು ಕೊಡುವುದು ಇವು ಸಣ್ಣ ಕಾರ್ಯಗಳಾಗಿ ತೋರಬಹುದು. ಆದರೆ ಅಪರಿಚಿತಳಾದ ಒಬ್ಬ ಹೆಂಗಸನ್ನು ನಂಬಿ ಬಾಗಿಲು ತೆರೆಯುವ ಗುಣವು ಹಳ್ಳಿಹಳ್ಳಿಯಲ್ಲಿ ಹೀಗೆಯೇ ಬೆಳೆದುಬಂದಿದೆ. ಆ ಗುಣವು ಇರುವ ಊರು ತಾನು ಭಾಗ್ಯವಂತನೆಂದು ಅರಿಯಬೇಕು. ಅದು ನಾಶವಾಗಿರುವ ನಾಡಿನ ಮಕ್ಕಳಿಗಾಗಿ ದನಿಯೆತ್ತಬೇಕು.